ಅಟ್ಟದ ಮೇಲೆ ಮಾರಿಯೊ, ಕೆಳಗೆ ಹೊಗೆ!

ಕಾಯಿಗೆ ಒಳ್ಳೆಯದಾದ ಜಾಗ ಮನೆಯ ಸಕಲ ಸಾಮಾನಿಗೂ ಒಳ್ಳೆಯದೇ ಎಂದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ತಿಳಿದಂತಿದೆ. ಮುರಿದ ತೊಟ್ಟಿಲು, ಅಜ್ಜನ ಟ್ರಂಕು, ಮದುವೆ ಪಾತ್ರೆ, ಸವೆದ ಮೊರ... ಬೇಡವಾದದ್ದು, ಬೇಕಾದರೂ ಸದ್ಯಕ್ಕೆ ಬೇಡವಾದದ್ದು, ಎಲ್ಲವೂ ಅಟ್ಟಕ್ಕೆ! 1990ರ ದಶಕದಲ್ಲಿ ಈ ಸಾಲಿಗೆ ಇನ್ನೊಂದು ಸೇರಿತು. ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಗಳು. ಹಳದಿ, ಕಪ್ಪು, ಬೂದು. ಮೇಲೊಂದು ಬಣ್ಣದ ಚಿತ್ರ, ಅದರ ಮೇಲೆ "9999999 ಇನ್ 1" ಎಂಬ ಹಸಿ ಸುಳ್ಳು. ಅದೇ ವಿಡಿಯೊ ಗೇಮ್ ಕ್ಯಾಸೆಟ್ಟು.

ಕೊಬ್ಬರಿ ಮಾರಿ ಬಂದ ದಿನ ಅಪ್ಪ ಸ್ವಲ್ಪ ಮೆತ್ತಗಿರುತ್ತಾನೆ ಎಂಬುದು ಹುಡುಗರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಆ ದಿನ ನೋಡಿಕೊಂಡು ಹಟ ಹಿಡಿದು, ಊಟ ಬಿಟ್ಟು, ಅತ್ತು ಕರೆದು ಕ್ಯಾಸೆಟ್ ಕೊಡಿಸಿಕೊಂಡವರಿಗೆ ಈಗ ನಲವತ್ತರ ಆಸುಪಾಸು. ಕೆಲವರು ಹಬ್ಬಕ್ಕೆ ಊರಿಗೆ ಬಂದಾಗ ಏಣಿ ಹಾಕಿಕೊಂಡು ಅಟ್ಟ ಹತ್ತುತ್ತಾರೆ. ಸಿಕ್ಕರೆ ಅದೃಷ್ಟ. ಸಿಕ್ಕಿದ್ದು ನಡೆದರೆ ಇನ್ನೂ ದೊಡ್ಡ ಅದೃಷ್ಟ. ಯಾಕೆಂದರೆ ಕಾಯಿಯನ್ನು ಕೊಬ್ಬರಿ ಮಾಡುವ ಅಟ್ಟವೇ ಕ್ಯಾಸೆಟ್ಟನ್ನು ಕಸ ಮಾಡುತ್ತದೆ.

ಇದು ಯಾವ ಕ್ಯಾಸೆಟ್ಟು?

ಹೆಸರು ಕ್ಯಾಸೆಟ್ ಆದರೂ ಒಳಗೆ ರೀಲಿಲ್ಲ, ಟೇಪಿಲ್ಲ. ಇರುವುದು ಒಂದು ಸಣ್ಣ ಬೋರ್ಡು, ಅದರ ಮೇಲೆ ಆಟ ತುಂಬಿದ ಚಿಪ್ಪು. (ತೆಂಗಿನ ಚಿಪ್ಪಲ್ಲ, ಸ್ವಾಮಿ!) ಬೋರ್ಡಿನ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಲೋಹದ ಪಟ್ಟಿಗಳು. ಈ ಹಲ್ಲು ಆಟದ ಪೆಟ್ಟಿಗೆಯ ಕಿಂಡಿಯಲ್ಲಿ ಸರಿಯಾಗಿ ಕಚ್ಚಿಕೊಂಡರೆ ಟಿವಿಯಲ್ಲಿ ಆಟ, ಕಚ್ಚದಿದ್ದರೆ ಬರೀ ಗೀಟು.

ಹೀಗೆ ಆಟವನ್ನು ಬೇರೆ ಡಬ್ಬಿಯಲ್ಲಿಟ್ಟು ಬೇಕಾದಾಗ ಬದಲಾಯಿಸುವ ಏರ್ಪಾಟು ಅಮೆರಿಕದಲ್ಲಿ 1976ರಲ್ಲಿ ಫೇರ್‌ಚೈಲ್ಡ್ ಕಂಪನಿಯ ಚಾನೆಲ್ ಎಫ್ ಪೆಟ್ಟಿಗೆಯಿಂದ ಶುರುವಾಯಿತು. ಅದನ್ನು ರೂಪಿಸಿದ ತಂಡದ ಮುಂದಾಳು ಜೆರ್ರಿ ಲಾಸನ್ ಎಂಬ ಕರಿಯ ಜನಾಂಗದ ಎಂಜಿನಿಯರ್. ನಮ್ಮ ಸೀಮೆಗೆ ಬಂದ ಕ್ಯಾಸೆಟ್ಟಿನ ಮೂಲಪುರುಷ ಮಾತ್ರ ಜಪಾನಿನವನು. ನಿಂಟೆಂಡೊ ಕಂಪನಿ 1983ರ ಜುಲೈಯಲ್ಲಿ ಮಾರಾಟಕ್ಕೆ ಬಿಟ್ಟ ಫ್ಯಾಮಿಕಾಮ್. ಅದರ ಕ್ಯಾಸೆಟ್ಟಿಗೆ ಹಲ್ಲು 60. ಜಪಾನಿನ ಮಕ್ಕಳೂ ಅದನ್ನು ಕ್ಯಾಸೆಟ್ ಅಂತಲೇ ಕರೆದರು.

ಆದರೆ ಇಲ್ಲಿಗೆ ಬಂದದ್ದು ಅಸಲಿಯಲ್ಲ. ಫ್ಯಾಮಿಕಾಮ್ ನೋಡಿ ಮಾಡಿದ ನಕಲು ಪೆಟ್ಟಿಗೆಗಳು ಸಮುರಾಯ್, ಮೀಡಿಯಾ ಮುಂತಾದ ಹೆಸರಿನಲ್ಲಿ ದೇಶದ ತುಂಬ ಹರಡಿದವು. ಅದೇ ದಶಕದಲ್ಲಿ ಶಾ ವ್ಯಾಲೇಸ್ ಕಂಪನಿ ಜಪಾನಿನ ಸೆಗಾ ಪೆಟ್ಟಿಗೆಯನ್ನು ಭಾರತಕ್ಕೆ ಅಧಿಕೃತವಾಗಿ ತಂದದ್ದುಂಟು. ಅದು ದುಡ್ಡಿದ್ದವರ ಮಾತು. ಉಳಿದವರಿಗೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟೇ ಗತಿ. ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಡಕ್ ಹಂಟ್, ಟ್ಯಾಂಕ್ ಆಟವಾದ ಬ್ಯಾಟಲ್ ಸಿಟಿ, ಇವೆಲ್ಲ ಅಂಥ ನಕಲಿನಲ್ಲೇ ಬಂದವು.

ನಕಲಾದದ್ದರಿಂದ ಒಂದು ತೊಂದರೆಯಿದೆ. ಅಸಲಿ ಬೋರ್ಡಿನಲ್ಲಿ ಚಿಪ್ಪು ಕಾಲೂರಿ ಕೂತಿರುತ್ತದೆ, ಬಲ್ಲವರು ಬಿಚ್ಚಿ ನೋಡಬಹುದು. ನಕಲಿಯಲ್ಲಿ ಬಹುಪಾಲು ಚಿಪ್ಪಿನ ಮೇಲೆ ಕರಿ ಅಂಟಿನ ಉಂಡೆ ಸುರಿದು ಮುಚ್ಚಿರುತ್ತಾರೆ. ಒಳಗೆ ಕೆಟ್ಟರೆ ರಿಪೇರಿ ಇಲ್ಲ. ಹಲ್ಲಿಗೆ ಬಳಿದ ಲೋಹದ ಲೇಪವೂ ತೆಳು. ಆದ್ದರಿಂದ ಅಸಲಿಗಿಂತ ನಕಲಿಗೇ ಆರೈಕೆ ಜಾಸ್ತಿ ಬೇಕು. ಲೋಕದ ರೀತಿಗೆ ಉಲ್ಟಾ!

ಅಟ್ಟದ ಕಾರುಬಾರು

ಉಂಡೆ ಕೊಬ್ಬರಿ ಮಾಡುವ ವಿದ್ಯೆ ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪು ಬಿಡುತ್ತದೆ, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಬಿಸಿ ಬೇಕು, ಗಾಳಿ ಬೇಕು, ಕೆಳಗಿನಿಂದ ಒಂದಿಷ್ಟು ಹೊಗೆ ಬಂದರೆ ಇನ್ನೂ ವಾಸಿ.

ಕ್ಯಾಸೆಟ್ಟಿಗೆ ಇದರಲ್ಲಿ ಒಂದೂ ಆಗಿಬರುವುದಿಲ್ಲ. ಬೇಸಿಗೆಯಲ್ಲಿ ಹೆಂಚು, ತಗಡು ಕಾದು ಅಟ್ಟ ಬೆಂದರೆ ಲೇಬಲ್ಲಿನ ಅಂಟು ಕರಗಿ ಚಿತ್ರ ಜಾರುತ್ತದೆ, ಮೇಲೆ ಭಾರ ಬಿದ್ದ ಡಬ್ಬಿ ಸೊಟ್ಟಗಾಗುತ್ತದೆ. ಹೊಗೆಯಲ್ಲಿ ಹುಳಿ ಅಂಶವಿರುತ್ತದೆ. ಅದು ತೆಳು ಲೇಪ ದಾಟಿ ತಾಮ್ರ ಮುಟ್ಟಿದರೆ ಹಸಿರು ಕಿಲುಬು ಖಂಡಿತ. ಎಲ್ಲಕ್ಕಿಂತ ದೊಡ್ಡ ಶತ್ರು ಮಾತ್ರ ಯಾರೂ ಲೆಕ್ಕಕ್ಕಿಡದ ನಾರಿನ ಪುಡಿ. ಮಟ್ಟೆ ಸುಲಿಯುವ ಮನೆಯಲ್ಲಿ ಅದು ಹೋಗದ ಸಂದಿಯಿಲ್ಲ. ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ಗುಣ ಅದಕ್ಕಿದೆ. ನರ್ಸರಿಯವರು ಸಸಿ ಬೆಳೆಸಲು ಕೊಳ್ಳುವುದೇ ಆ ಗುಣಕ್ಕೆ. ಕ್ಯಾಸೆಟ್ಟಿನ ಬಾಯಲ್ಲಿ ಈ ಪುಡಿ ಕೂತು, ಸೆಪ್ಟೆಂಬರ್ ಅಕ್ಟೋಬರಿನ ಮಳೆಗಾಳಿ ಬೀಸಿತೆಂದರೆ ಹಲ್ಲಿಗೆ ಒದ್ದೆ ಬಟ್ಟೆ ಸುತ್ತಿಟ್ಟ ಹಾಗೇ ಆಯಿತು.

ಜಿರಲೆ, ಬೆಳ್ಳಿ ಹುಳುಗಳಿಗೆ ಲೇಬಲ್ಲಿನ ಕಾಗದ, ಅಂಟು ಬಲು ರುಚಿ. ಇಲಿಯ ವಿಚಾರ ಹೇಳುವುದೇ ಬೇಡ.

ಅಂದಹಾಗೆ, ಗಡಗಡ ಅಂದರೆ ಕೊಬ್ಬರಿ ಪಕ್ವವಾಯಿತು ಅಂತ ಅರ್ಥ. ಕ್ಯಾಸೆಟ್ಟು ಗಡಗಡ ಅಂದರೆ ಒಳಗೆ ಏನೋ ಮುರಿದಿದೆ ಅಂತ ಅರ್ಥ. ಅಂಥದ್ದನ್ನು ಪೆಟ್ಟಿಗೆಗೆ ತುರುಕಬಾರದು.

ಊದಬೇಡಿ ಸ್ವಾಮಿ!

ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಹಾಕುವುದು ಜಗತ್ತಿನ ಮಕ್ಕಳೆಲ್ಲ ಕಂಡುಕೊಂಡಿದ್ದ ಮದ್ದು. ಟೋಕಿಯೊದಲ್ಲೂ ಅದೇ, ನೊಣವಿನಕೆರೆಯಲ್ಲೂ ಅದೇ. ಆಟ ಬಂದೂ ಬಿಡುತ್ತಿತ್ತು. ಆದರೆ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಹಾಕಿದ್ದು. ಹಲ್ಲು ಕಿಂಡಿಗೆ ಉಜ್ಜಿ ಹೊಸದಾಗಿ ಕಚ್ಚಿಕೊಂಡಿತು, ಅಷ್ಟೆ. ಊದಿದಾಗ ಹೋದದ್ದು ಎಂಜಲ ತೇವ. ವರ್ಷಗಟ್ಟಲೆ ಊದಿಸಿಕೊಂಡ ಕ್ಯಾಸೆಟ್ಟಿನ ಹಲ್ಲು ಕಪ್ಪಾಗಿದ್ದರೆ ಆಶ್ಚರ್ಯವಿಲ್ಲ.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೊದಲು ಒಣ ಬ್ರಷ್ಷಿನಿಂದ ಬಾಯಲ್ಲಿನ ಪುಡಿ ಉದುರಿಸಬೇಕು. ಮೊಬೈಲ್ ರಿಪೇರಿ ಅಂಗಡಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಕಿವಿ ಕಡ್ಡಿಗೆ ಒಂದು ತೊಟ್ಟು ಹಾಕಿ ಹಲ್ಲುಗಳ ಉದ್ದಕ್ಕೆ ಒರೆಸಬೇಕು. ಹತ್ತಿ ಕಪ್ಪಾಗುವುದು ನಿಲ್ಲುವ ತನಕ ಕಡ್ಡಿ ಬದಲಾಯಿಸುತ್ತ ಹೋಗಬೇಕು. ಪೂರಾ ಒಣಗಿದ ಮೇಲೆ ಪೆಟ್ಟಿಗೆಗೆ. ಈ ದ್ರವ ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಒಲೆ ಪಕ್ಕ ಕೂತು ಮಾಡಬೇಡಿ. ಬಿಡದ ಕರೆಯಿದ್ದರೆ ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಒಂದೆರಡು ಸಲ. ಉಪ್ಪುಕಾಗದ ಹಿಡಿದು ಉಜ್ಜಿದರೆ ಇದ್ದಬದ್ದ ಲೇಪವೂ ಹೋಗಿ ಕ್ಯಾಸೆಟ್ಟಿನ ಕಥೆ ಮುಗಿಯಿತು.

ಇನ್ನೊಂದು ಮಾತು. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರನ್ನು ಹಳೇ ಪೆಟ್ಟಿಗೆಗೆ ಸಿಕ್ಕಿಸಿ ನೋಡುವ ಚಪಲ ಬೇಡ. ವೋಲ್ಟು ಸರಿಯಿದ್ದರೂ ಪ್ಲಸ್ಸು ಮೈನಸ್ಸು ಅದಲುಬದಲಾದರೆ ಪೆಟ್ಟಿಗೆ ಸುಡಬಹುದು. ಸ್ವಿಚ್ ಆನ್ ಇರುವಾಗ ಕ್ಯಾಸೆಟ್ ಕೀಳುವುದೂ ಕೆಟ್ಟ ಚಾಳಿ.

ಹಾಡಿನ ಮನೆಯಲ್ಲಿ ಆಟದ ವಾಸ

ಹಾಗಾದರೆ ಇಡುವುದೆಲ್ಲಿ? ಮಲಗುವ ಕೋಣೆಯ ಬೀರುವಿನ ನಡು ಅರೆ. ಅಷ್ಟೇ. ಮೇಲಿನದು ಬಿಸಿ, ಕೆಳಗಿನದು ತೇವ. ಹೊರಗೋಡೆಗೆ, ಬಚ್ಚಲ ಗೋಡೆಗೆ ತಾಗಿದ ಬೀರು ಬೇಡ.

ಒಳಗೆ ಜೋಡಿಸಲು ಹೊಸದಾಗಿ ಏನೂ ಮಾಡಿಸಬೇಕಾಗಿಲ್ಲ ಎಂಬುದೇ ಸಂತೋಷದ ಸುದ್ದಿ. ಫ್ಯಾಮಿಕಾಮ್ ಅಳತೆಯ ಕ್ಯಾಸೆಟ್ಟು ಸುಮಾರು 11 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರ, ಒಂದೂಮುಕ್ಕಾಲು ಸೆಂ.ಮೀ. ದಪ್ಪ. ಹಾಡಿನ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಡಬ್ಬಿಯದೂ ಹೆಚ್ಚುಕಡಿಮೆ ಅದೇ ಅಳತೆ! ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡು ಜೋಡಿಸಿಡುತ್ತಿದ್ದ ಆ ಮರದ ಸ್ಟ್ಯಾಂಡು ಎಷ್ಟೋ ಮನೆಗಳಲ್ಲಿ ಇನ್ನೂ ಖಾಲಿ ನಿಂತಿದೆ. ಹಾಡು ಮೊಬೈಲಿಗೆ ಹೋಯಿತು, ಗೂಡು ಉಳಿಯಿತು. ಒಂದು ಕ್ಯಾಸೆಟ್ ಹಾಕಿ ಅಳತೆ ನೋಡಿಕೊಂಡರೆ ಸಾಕು, ಏಕೆಂದರೆ ನಕಲಿಗಳಲ್ಲಿ ಕೆಲವು ಒಂದಿಷ್ಟು ದಢೂತಿ. ಒಂದು ಮೀಟರ್ ಉದ್ದದ ಅರೆಯಲ್ಲಿ ಪಕ್ಕ ಪಕ್ಕ ನಿಲ್ಲಿಸಿದರೆ ಐವತ್ತಕ್ಕೂ ಮೇಲೆ ಹಿಡಿಯುತ್ತವೆ. ಬಾಯಿ ಕೆಳಮುಖವಾಗಿರಲಿ, ಪುಡಿ ಬೀಳುವುದಿಲ್ಲ.

ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಎರಡು. ಬಣ್ಣ ಬದಲಾಯಿಸುವ ಜಾತಿಯದಾದರೆ ತೇವ ಕುಡಿದದ್ದು ಕಣ್ಣಿಗೇ ಕಾಣುತ್ತದೆ. ಬಣ್ಣ ತಿರುಗಿದ್ದನ್ನು ಎಸೆದು ಹೊಸದಿಡುವುದು. ಸೀರೆಗೆ ಇಡುವ ನುಸಿಗುಳಿಗೆ ಇಲ್ಲಿ ಕೂಡದು, ಅದರ ಆವಿಗೆ ಕೆಲವು ಜಾತಿ ಪ್ಲಾಸ್ಟಿಕ್ಕು ಮೆತ್ತಗಾಗಿ ಅಂಟಂಟಾಗುತ್ತದೆ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡುವುದೂ ತಪ್ಪು. ಬೇಸಿಗೆಯಲ್ಲಿ ಅದು ಕರಗಿ ಲೇಬಲ್ಲಿಗೆ ಮೆತ್ತಿಕೊಂಡರೆ ಬಿಡಿಸುವವರಿಲ್ಲ. ಮೆತ್ತನೆಯ ಪಿವಿಸಿ ಕವರೂ ಹಾಗೇ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ತೇವ ಹೋಗುತ್ತದೆ ಅನ್ನುವವರಿದ್ದಾರೆ. ತೇವ ಹೋಗುವ ಮೊದಲು ಅಕ್ಕಿ ಹಿಟ್ಟು ಒಳಗೆ ಹೋಗುತ್ತದೆ.

ಷೋಕೇಸಿನ ಆಸೆ

ಕೂಡಿಹಾಕಿದ್ದನ್ನು ನಾಲ್ಕು ಜನಕ್ಕೆ ತೋರಿಸಬೇಕೆಂಬುದು ಮನುಷ್ಯ ಸಹಜ. ಅಂಗಡಿ ಇರುವವರಿಗಂತೂ ಗಾಜಿನ ಕಪಾಟು ಸಿದ್ಧವಾಗಿಯೇ ಇದೆ. ಬಸ್ಸಿಗೆ ಕಾಯುವವರು ನಿಂತು ನೋಡಿಯಾರು, ನೋಡಿದವರು ಒಂದು ಸೋಪನ್ನಾದರೂ ಕೊಂಡಾರು. ತಪ್ಪಿಲ್ಲ. ಆದರೆ ಪಶ್ಚಿಮಕ್ಕೆ ಮುಖ ಮಾಡಿದ ಅಂಗಡಿಯಾದರೆ ಸಂಜೆ ಬಿಸಿಲು ನೇರ ಗಾಜಿನ ಮೇಲೆ. ಕ್ಯಾಲೆಂಡರಿನಲ್ಲಿ ದೇವರ ಕೆಂಪು ಸೀರೆ ಹೇಗೆ ಮಂಕಾಗುತ್ತದೋ ಹಾಗೆಯೇ ಲೇಬಲ್ಲಿನ ಕೆಂಪು, ಹಳದಿ ಮಾಯವಾಗಿ ಬರೀ ನೀಲಿ ಉಳಿಯುತ್ತದೆ. ಬಿಳಿ, ಬೂದು ಡಬ್ಬಿಗಳು ಬೀಡಿ ಸೇದುವವರ ಹಲ್ಲಿನಂತೆ ಹಳದಿಯಾಗುತ್ತವೆ. ಬಿಸಿಲು ಬೀಳದ ಗೋಡೆ, ಗಾಜಿನ ಬಾಗಿಲು, ಸಣ್ಣದೊಂದು ಎಲ್ಇಡಿ ದೀಪ ಸಾಕು.

ಇದಕ್ಕಿಂತ ಜಾಣ ಉಪಾಯವೂ ಇದೆ. ಲೇಬಲ್ಲುಗಳ ಕಲರ್ ಜೆರಾಕ್ಸ್ ತೆಗೆಸಿ ಅದನ್ನು ಮುಂದೆ ಹಾಕುವುದು, ಅಸಲನ್ನು ಬೀರುವಿನಲ್ಲಿಡುವುದು. ಹೊರಗೆ ನಾಲ್ಕೇ ಕ್ಯಾಸೆಟ್ ಇಟ್ಟು ತಿಂಗಳಿಗೊಮ್ಮೆ ಬದಲಾಯಿಸುವುದು. ಉತ್ಸವಮೂರ್ತಿ ಬೇರೆ, ಮೂಲಮೂರ್ತಿ ಬೇರೆ ಅನ್ನುವ ಲೆಕ್ಕ ನಮಗೆ ಹೊಸದಲ್ಲವಲ್ಲ!

ಆಡಿ ತೋರಿಸುವ ಉಮೇದಿದ್ದವರಿಗೆ ಒಂದು ಎಚ್ಚರಿಕೆ. ಡಕ್ ಹಂಟಿನ ಬಂದೂಕು ಈಗಿನ ಚಪ್ಪಟೆ ಟಿವಿಯಲ್ಲಿ ನಡೆಯುವುದಿಲ್ಲ. ಹಳೇ ಡಬ್ಬಾ ಟಿವಿಯ ಪರದೆಯಲ್ಲಿ ಬೆಳಕು ಮಿನುಗುವ ಗಳಿಗೆಯನ್ನೇ ನಂಬಿ ಆ ಬಂದೂಕು ಮಾಡಿದ್ದು. ಗುರಿ ತಪ್ಪಿತೆಂದು ಹುಡುಗನನ್ನು ಬೈದು ಪ್ರಯೋಜನವಿಲ್ಲ. ಡಬ್ಬಾ ಟಿವಿಯನ್ನು ಗುಜರಿಗೆ ಹಾಕಿದವರಿಗೆ ಬಾತುಕೋಳಿ ಹಾರಿಹೋದಂತೆಯೇ.

ಕೋಟಿಯ ಕನಸು ಬೇಡ

2021ರ ಜುಲೈಯಲ್ಲಿ ಅಮೆರಿಕದಲ್ಲಿ ಸೀಲು ಒಡೆಯದ ಸೂಪರ್ ಮಾರಿಯೊ 64 ಎಂಬ ಒಂದೇ ಒಂದು ಕ್ಯಾಸೆಟ್ಟು 15 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ 11 ಕೋಟಿ ರೂಪಾಯಿಗೂ ಮೇಲೆ. ಈ ಸುದ್ದಿ ಓದಿ ಅಟ್ಟಕ್ಕೆ ಓಡುವವರು ಸ್ವಲ್ಪ ನಿಧಾನಿಸಬೇಕು. ಅದು ಅಸಲಿ, ಪೊಟ್ಟಣವನ್ನೇ ಬಿಚ್ಚದ್ದು. ನಮ್ಮದು ನಕಲಿ, ಊದಿ ಊದಿ ಸವೆದದ್ದು.

ಹಾಗಾದರೆ ಉಳಿಸುವುದು ಯಾಕೆ? ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿ ನೋಡಿತು. 2010ಕ್ಕಿಂತ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ 100ಕ್ಕೆ 87 ಆಗ ಯಾವ ಅಂಗಡಿಯಲ್ಲೂ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಅಸಲಿ ಮಾಲಿನ ಗತಿಯೇ ಹೀಗೆ. ನಕಲಿಯ ಲೆಕ್ಕ ಇಟ್ಟವರು ಯಾರು? ನಕಲು ಮಾಡಿದವರು ಆಟದ ಹೆಸರು ಅಳಿಸಿದರು, ಬಣ್ಣ ತಿರುಚಿದರು, ಒಂದೇ ಆಟವನ್ನು ನಡುವಿನಿಂದ ಶುರುಮಾಡಿ ಬೇರೆ ಆಟ ಅಂತ ಪಟ್ಟಿಗೆ ಸೇರಿಸಿದರು. ಅದು ಕಳ್ಳ ಮಾಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹೊಲ, ತೋಟದ ಮನೆಯ ಹುಡುಗರು ಆಡಿದ್ದು ಆ ಮಾಲನ್ನೇ. ಮಾಡಿದವನ ಹೆಸರಿಲ್ಲ, ರಸೀತಿಯಿಲ್ಲ. ಹೆಂಚಿನ ಮನೆ ಕೆಡವಿ ಆರ್‌ಸಿಸಿ ಹಾಕಿಸುವ ದಿನ ಅಟ್ಟದ್ದೆಲ್ಲ ಗುಜರಿ ಗಾಡಿಗೆ ಹೋಗುತ್ತದೆ. ತೂಕಕ್ಕೆ ಹಾಕಿದರೆ ಒಂದು ಟೀ ದುಡ್ಡೂ ಬಾರದ ಪ್ಲಾಸ್ಟಿಕ್ಕು ಅದು.

ಆದ್ದರಿಂದ ಬೀರುವಿನ ಜತೆಗೆ ಒಂದು 100 ಪುಟದ ನೋಟ್‌ಬುಕ್ಕೂ ಬೇಕು. ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಗೀಚಬಾರದು, ಚೀಟಿ ಅಂಟಿಸಬಾರದು. ನಂಬರು ಬರೆದ ಕಾಗದದ ತುಂಡು ಗೂಡಿನಲ್ಲಿದ್ದರೆ ಸಾಕು. ನೋಟ್‌ಬುಕ್ಕಿನಲ್ಲಿ ಆ ನಂಬರಿನೆದುರು ಡಬ್ಬಿಯ ಬಣ್ಣ, ಲೇಬಲ್ಲಿನಲ್ಲಿ ಏನಿದೆ, ಎಲ್ಲಿ ಕೊಂಡದ್ದು, ಯಾವ ವರ್ಷ, ಯಾರು ಕೊಡಿಸಿದ್ದು, ಈಗ ನಡೆಯುತ್ತದೋ ಇಲ್ಲವೋ ಎಂದು ಬರೆಯುವುದು. ಹಿಂದೆ ಮುಂದೆ ಎರಡು ಫೋಟೊ ತೆಗೆದಿಡುವುದು. ಸ್ಕ್ರೂ ಇದ್ದರೆ ಬಿಚ್ಚಿ ಬೋರ್ಡಿನದೂ ಒಂದು. ಸ್ಕ್ರೂ ಇಲ್ಲದೆ ಕೊಂಡಿಯಲ್ಲೇ ಕಚ್ಚಿಕೊಂಡಿದ್ದರೆ ಚಾಕು ಹಾಕಿ ಮೀಟುವ ಸಾಹಸ ಬೇಡ, ಅಂಚು ಸೀಳುತ್ತದೆ. ಸತ್ತ ಕ್ಯಾಸೆಟ್ಟನ್ನೂ ಎಸೆಯಬೇಕಾಗಿಲ್ಲ. ಅದರ ಡಬ್ಬಿ ಇನ್ನೊಂದಕ್ಕೆ ಆದೀತು.

"ಯಾರು ಕೊಡಿಸಿದ್ದು" ಎಂಬ ಕಲಮನ್ನು ಅಪ್ಪ ಅಮ್ಮ ಇರುವಾಗಲೇ ಕೇಳಿ ತುಂಬಿಸಿಕೊಳ್ಳುವುದು ಮೇಲು. ಇನ್ನು "ಒಳಗೆ ನಿಜವಾಗಿ ಎಷ್ಟು ಆಟ" ಎಂಬ ಕಲಮನ್ನು ಭರ್ತಿ ಮಾಡಲು ಒಂದು ಭಾನುವಾರ ಬೇಕು. 9999999 ಎಂದು ಬರೆದ ಕ್ಯಾಸೆಟ್ಟಿಗೆ ಎರಡು ಕೈಬೆರಳು ಸಾಲದೆ ಬರುವುದು ಅಪರೂಪ.