ಚಕ್ರ ಹಗುರವಿರಲಿ, ಬ್ರೇಕ್ ಡಿಸ್ಕ್ ಹಗುರ ಬೇಡ

ಹಾಸನ: ಹೊಸ ಕಾರಿಗೆ ಕಂಪನಿ ಕೊಟ್ಟ ಚಕ್ರಗಳನ್ನು ಕಳಚಿ, ದೊಡ್ಡ ಅಲಾಯ್ ಚಕ್ರಗಳನ್ನು ಹಾಕಿಸಿಕೊಳ್ಳುವವರು ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಲ್ಲೆಡೆ ಇದ್ದಾರೆ. ಅಂದಚೆಂದ ಅವರವರ ಇಷ್ಟ. ಆದರೆ ಚಕ್ರ ಮತ್ತು ಬ್ರೇಕಿನ ತೂಕ ಬದಲಾದರೆ ಕಾರು ಓಡುವ ರೀತಿ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ನಿಲ್ಲುವ ರೀತಿಯೂ ಬದಲಾಗುತ್ತದೆ. ಹೆದ್ದಾರಿ, ಹಳ್ಳಿ ರಸ್ತೆ, ಘಾಟಿ ಮೂರೂ ಇರುವ ಈ ಜಿಲ್ಲೆಯ ವಾಹನ ಮಾಲೀಕರು ಈ ಲೆಕ್ಕವನ್ನು ತಿಳಿದಿರುವುದು ಒಳಿತು.

ವೇಗದ ಲೆಕ್ಕ

ಚಕ್ರದಲ್ಲಿ ಹೆಚ್ಚಿದ ಒಂದು ಕೆ.ಜಿ. ತೂಕ, ಡಿಕ್ಕಿಯಲ್ಲಿಟ್ಟ ಹತ್ತು ಕೆ.ಜಿ.ಗೆ ಸಮ ಎಂಬ ಮಾತೊಂದು ಪ್ರಚಲಿತದಲ್ಲಿದೆ. ಇದು ಉತ್ಪ್ರೇಕ್ಷೆ. ಚಕ್ರ ಮುಂದಕ್ಕೂ ಚಲಿಸಬೇಕು, ತನ್ನ ಸುತ್ತ ತಾನೂ ತಿರುಗಬೇಕು. ಎರಡಕ್ಕೂ ಶಕ್ತಿ ಬೇಕು. ಚಕ್ರದ ತೂಕವೆಲ್ಲ ಹೊರ ಅಂಚಿನಲ್ಲೇ ಇದ್ದರೆ ತಿರುಗುವುದಕ್ಕೆ ಬೇಕಾದ ಶಕ್ತಿ, ಮುಂದಕ್ಕೆ ಚಲಿಸಲು ಬೇಕಾದ ಶಕ್ತಿಯಷ್ಟೇ ಆಗುತ್ತದೆ. ಅಂದರೆ ಒಂದು ಕೆ.ಜಿ. ಹೆಚ್ಚೆಂದರೆ ಎರಡು ಕೆ.ಜಿ.ಗೆ ಸಮ, ಅದಕ್ಕಿಂತ ಹೆಚ್ಚಲ್ಲ.

ಒಂದು ಸಾವಿರ ಕೆ.ಜಿ. ತೂಕದ ಕಾರಿನ ಪ್ರತಿ ಚಕ್ರವೂ 2 ಕೆ.ಜಿ. ಭಾರವಾಯಿತು ಎಂದಿಟ್ಟುಕೊಳ್ಳೋಣ. ನಾಲ್ಕು ಚಕ್ರಕ್ಕೆ 8 ಕೆ.ಜಿ.; ವೇಗ ಪಡೆಯುವಾಗ ಅದರ ಪರಿಣಾಮ ಗರಿಷ್ಠ 16 ಕೆ.ಜಿ.ಯಷ್ಟು. ಇದು ಒಂದು ಪುಟ್ಟ ಮಗುವನ್ನು ಹೆಚ್ಚಾಗಿ ಕೂರಿಸಿಕೊಂಡಂತೆ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಬರುವವರಿಗೆ ಈ ವ್ಯತ್ಯಾಸ ಅನುಭವಕ್ಕೇ ಬಾರದು. ಪೇಟೆಯಲ್ಲಿ ನಿಂತು ನಿಂತು ಸಾಗುವಾಗ ಸ್ವಲ್ಪ ತಿಳಿಯಬಹುದು.

ಗುಂಡಿಯ ಲೆಕ್ಕ

ನಿಜವಾದ ನಷ್ಟವಿರುವುದು ಕೆಟ್ಟ ರಸ್ತೆಯಲ್ಲಿ. ಎಂಜಿನ್, ಪ್ರಯಾಣಿಕರು, ಸಾಮಾನು ಎಲ್ಲವೂ ಸ್ಪ್ರಿಂಗುಗಳ ಮೇಲೆ ಕುಳಿತಿವೆ. ಚಕ್ರ, ಟೈರು, ಬ್ರೇಕ್ ಮಾತ್ರ ಸ್ಪ್ರಿಂಗಿನ ಕೆಳಗಿವೆ. ರಸ್ತೆಯ ಪ್ರತಿ ಉಬ್ಬುತಗ್ಗಿಗೂ ಚಕ್ರ ಏರಿ ಇಳಿಯಬೇಕು. ಭಾರವಾದ ಚಕ್ರ ಒಮ್ಮೆ ಮೇಲಕ್ಕೆ ಪುಟಿದರೆ ಮತ್ತೆ ನೆಲಕ್ಕೆ ಒತ್ತಿಕೊಳ್ಳಲು ತಡವಾಗುತ್ತದೆ. ಟೈರು ನೆಲ ಬಿಟ್ಟ ಆ ಕ್ಷಣದಲ್ಲಿ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಮೇಲಾಗಿ, ದೊಡ್ಡ ಚಕ್ರಕ್ಕೆ ತೆಳು ಟೈರು ಹಾಕಿದಾಗ ಗುಂಡಿಯ ಹೊಡೆತ ನೇರವಾಗಿ ರಿಮ್ಮಿಗೆ ಬೀಳುತ್ತದೆ.

ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ಏಷ್ಯಾ–ಪೆಸಿಫಿಕ್ ರ್‍ಯಾಲಿ ನಡೆದದ್ದನ್ನು ಹಲವರು ಬಲ್ಲರು. ಅಂತಹ ರ್‍ಯಾಲಿಗಳ ಮುಂಚೂಣಿಯ ಕಾರುಗಳು ಡಾಂಬರು ರಸ್ತೆಯಲ್ಲಿ 18 ಇಂಚಿನ ಚಕ್ರ ಬಳಸಿದರೆ, ಮಣ್ಣಿನ ದಾರಿಯಲ್ಲಿ 15 ಇಂಚಿನ ಚಕ್ರ ಮತ್ತು ದಪ್ಪ ಅಂಚಿನ ಟೈರು ಹಾಕುತ್ತವೆ. ಗೆಲ್ಲಲೆಂದೇ ಓಡುವವರು ಕೆಟ್ಟ ದಾರಿಗೆ ಚಿಕ್ಕ ಚಕ್ರವನ್ನು ಆಯ್ದುಕೊಳ್ಳುತ್ತಾರೆ ಎಂಬುದು ಗಮನಾರ್ಹ.

ಅಳತೆಯ ಲೆಕ್ಕ

ಚಕ್ರ ದೊಡ್ಡದಾದರೂ ಟೈರು ಸೇರಿದ ಒಟ್ಟು ಎತ್ತರ ಬದಲಾಗಬಾರದು. ಮಾರುತಿ ಸ್ವಿಫ್ಟ್‌ಗೆ ಕಂಪನಿಯೇ ಕೊಟ್ಟಿರುವ ಎರಡು ಅಳತೆಗಳನ್ನು ನೋಡಿ: 165/80 ಆರ್ 14 ಮತ್ತು 185/65 ಆರ್ 15. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಅಂಚಿನ ಎತ್ತರ, ಅಗಲದ ಶೇಕಡಾವಾರಿನಲ್ಲಿ. ಕೊನೆಯದು ರಿಮ್ಮಿನ ಅಳತೆ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಒಟ್ಟು ಎತ್ತರ ಕ್ರಮವಾಗಿ ಸುಮಾರು 620 ಮತ್ತು 622 ಮಿ.ಮೀ. ವ್ಯತ್ಯಾಸ ಎರಡೇ ಮಿ.ಮೀ.

ಈ ಎತ್ತರ ಶೇ 5ರಷ್ಟು ಹೆಚ್ಚಿದರೆ, ಪೆಡಲನ್ನು ಮೊದಲಿನಷ್ಟೇ ತುಳಿದರೂ ನೆಲದ ಮೇಲೆ ಸಿಗುವ ಬ್ರೇಕಿನ ಹಿಡಿತ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ವೇಗದ ಮೀಟರು ಕೂಡ ಮೊದಲಿಗಿಂತ ಕಡಿಮೆ ತೋರಿಸುತ್ತದೆ.

ಘಾಟಿಯ ಲೆಕ್ಕ

ಚಕ್ರ ಹಗುರವಾದಷ್ಟೂ ಒಳ್ಳೆಯದು ಎಂಬ ನಿಯಮ ಬ್ರೇಕ್ ಡಿಸ್ಕಿಗೆ ಅನ್ವಯಿಸುವುದಿಲ್ಲ. ಡಿಸ್ಕು ಚಕ್ರದ ನಡುಭಾಗದಲ್ಲಿರುವುದರಿಂದ ಅದನ್ನು ತಿರುಗಿಸಲು ಬೇಕಾಗುವ ಶಕ್ತಿ ಕಡಿಮೆ. ಅದರ ತೂಕಕ್ಕೆ ಬೇರೊಂದು ಕೆಲಸವಿದೆ: ಶಾಖವನ್ನು ಹಿಡಿದಿಟ್ಟುಕೊಳ್ಳುವುದು.

1,200 ಕೆ.ಜಿ. ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 3 ಲಕ್ಷ ಜೂಲ್ ಶಾಖ ಹುಟ್ಟುತ್ತದೆ. ಅದೇ ಕಾರು ಶಿರಾಡಿ ಅಥವಾ ಬಿಸಿಲೆ ಘಾಟಿಯಲ್ಲಿ 100 ಮೀಟರ್ ಎತ್ತರ ಇಳಿದರೆ ಸುಮಾರು 12 ಲಕ್ಷ ಜೂಲ್. ಅಂದರೆ ನಾಲ್ಕು ಸಲ ಹಾಗೆ ನಿಂತಷ್ಟು. ಇದಿಷ್ಟೂ 10 ಕೆ.ಜಿ. ಎರಕದ ಕಬ್ಬಿಣದ ಡಿಸ್ಕುಗಳಿಗೇ ಸೇರಿದರೆ ಅವುಗಳ ಉಷ್ಣತೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಏರುತ್ತದೆ, 8 ಕೆ.ಜಿ. ಆದರೆ 320 ಡಿಗ್ರಿ. ವಾಸ್ತವದಲ್ಲಿ ಗಾಳಿಯೂ ಎಂಜಿನ್ನೂ ಒಂದು ಪಾಲು ಹೊರುತ್ತವೆ. ಆದರೆ ಘಾಟಿಯ ಇಳಿಜಾರು 100 ಮೀಟರಿಗೇ ಮುಗಿಯುವುದಿಲ್ಲ.

ಡಿಸ್ಕು ಅತಿಯಾಗಿ ಕಾದರೆ ಪ್ಯಾಡು ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುವುದರಿಂದ ಬೇಗ ಕುದಿದು ಗುಳ್ಳೆಯೇಳುತ್ತದೆ. ಆಗ ಪೆಡಲು ತುಳಿದರೂ ಕಾರು ನಿಲ್ಲದು. ಆದ್ದರಿಂದ ಅಂದಕ್ಕೆಂದು ತೂತು ಕೊರೆದ ಡಿಸ್ಕು ಹಾಕಿಸುವುದಾಗಲಿ, ಸವೆದು ತೆಳುವಾದ ಡಿಸ್ಕನ್ನು ಉಳಿಸಿಕೊಳ್ಳುವುದಾಗಲಿ ಘಾಟಿ ಇಳಿಯುವವರಿಗೆ ತರವಲ್ಲ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸವಂತೂ ಸಲ್ಲದು. ಇಂದಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇರಿಸಲು ಇಂಧನ ಉರಿಯುತ್ತಲೇ ಇರಬೇಕು, ಜತೆಗೆ ಇಳಿಜಾರಿನ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯುವುದು ಸುರಕ್ಷಿತ.

ಖರೀದಿಗೆ ಮುನ್ನ

ಅಲಾಯ್ ಎಂದಾಕ್ಷಣ ಹಗುರ ಎಂದು ನಂಬಬೇಕಿಲ್ಲ. ದೊಡ್ಡ ಅಳತೆಯ ಅಲಾಯ್ ಚಕ್ರ, ಕಂಪನಿಯ ಚಿಕ್ಕ ಉಕ್ಕಿನ ಚಕ್ರಕ್ಕಿಂತ ಭಾರವಾಗಿರಬಹುದು. ಹಳೆಯದನ್ನೂ ಹೊಸದನ್ನೂ ಅಂಗಡಿಯಲ್ಲೇ ತೂಗಿಸಿ ನೋಡಬೇಕು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಥವಾ ಕೈಪಿಡಿಯಲ್ಲಿರುವ ಟೈರಿನ ಅಳತೆಯೊಂದಿಗೆ ಹೊಸ ಟೈರಿನ ಅಳತೆಯನ್ನು ಹೋಲಿಸಬೇಕು. ಹಣ ಮಿತವಾಗಿದ್ದರೆ ಅದನ್ನು ಚಕ್ರಕ್ಕಿಂತ ಮೊದಲು ಒಳ್ಳೆಯ ಟೈರು, ಪ್ಯಾಡು ಮತ್ತು ಹೊಸ ಬ್ರೇಕ್ ಆಯಿಲ್‌ಗೆ ವೆಚ್ಚ ಮಾಡುವುದು ಲೇಸು.