ಹಾಲಿನ ಜೊತೆ ನುಂಗಬಾರದ ಮಾತ್ರೆ

ಕೊಡ್ಲಿಪೇಟೆ ಕಡೆ ಮಳೆಗಾಲವೆಂದರೆ ಗದ್ದೆಯ ಕೆಸರು, ಕಾಫಿ ತೋಟದ ಕಳೆ, ಆಮೇಲೆ ಜ್ವರ. ದಿನಗಟ್ಟಲೆ ಇಳಿಯದ ಜ್ವರಕ್ಕೆ ವೈದ್ಯರು ಬರೆಯುವ ಮಾತ್ರೆಗಳಲ್ಲಿ ಡಾಕ್ಸಿಸೈಕ್ಲಿನ್ ಒಂದು. ಇದು ಟೆಟ್ರಾಸೈಕ್ಲಿನ್ ಕುಟುಂಬದ್ದು. ಈ ಕುಟುಂಬದ ಹಿರಿಯಣ್ಣ ಆರಿಯೋಮೈಸಿನ್ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯಿಂದ. ಅದನ್ನು ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ಬೆಂಜಮಿನ್ ಡಗ್ಗರ್ 1948ರಲ್ಲಿ ಲೋಕಕ್ಕೆ ತಿಳಿಸಿದರು. ಅಲ್ಲಿ ಆಗ ಸಂಶೋಧನೆಯ ಹೊಣೆ ಹೊತ್ತಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್.

ಕೆಲಸ ಹೇಗೆ?
ಬ್ಯಾಕ್ಟೀರಿಯಾ ಬದುಕಲು ಪ್ರೋಟೀನ್ ಬೇಕು. ಅದರೊಳಗಿನ ರೈಬೋಸೋಮ್ ಅಮೈನೋ ಆಮ್ಲಗಳನ್ನು ಹೂ ಪೋಣಿಸಿದಂತೆ ಪೋಣಿಸುತ್ತದೆ. ಮುಂದಿನ ಹೂವು ಬಂದು ಕೂರುವ ಜಾಗವನ್ನು ಟೆಟ್ರಾಸೈಕ್ಲಿನ್ ಅಡ್ಡಗಟ್ಟುತ್ತದೆ. ಮಾಲೆ ಅರ್ಧಕ್ಕೇ ನಿಲ್ಲುತ್ತದೆ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಅಲ್ಲೇ ಸಾಯದು, ಬೆಳೆಯಲಾರದೆ ಕೂರುತ್ತದೆ. ಉಳಿದ ಕೆಲಸ ನಮ್ಮ ಮೈಯ ರೋಗನಿರೋಧಕ ಶಕ್ತಿಯದು. ಜ್ವರ ಬಿಟ್ಟಿತೆಂದು ಎರಡನೇ ದಿನವೇ ಮಾತ್ರೆ ಬಿಟ್ಟರೆ ಬ್ಯಾಕ್ಟೀರಿಯಾ ಮತ್ತೆ ಚಿಗುರಬಹುದು.

ಯಾವುದಕ್ಕೆ?
ಕೆಸರು ನೀರಿನಿಂದ ತಗಲುವ ಇಲಿ ಜ್ವರ, ಕಾಲರಾ, ದನಕರುಗಳಿಂದ ಬರುವ ಬ್ರುಸೆಲ್ಲಾ ಜ್ವರ (ಇದಕ್ಕೆ ಇನ್ನೊಂದು ಔಷಧಿಯ ಜೊತೆ), ಮೊಡವೆ. ಪೊದೆಯ ನುಸಿಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗಂತೂ ಇದೇ ಮುಖ್ಯ ಮದ್ದು. ಕಚ್ಚಿದಲ್ಲಿ ಕೆಲವರಿಗೆ ಕಪ್ಪು ಹಕ್ಕಳೆ ಕಾಣುತ್ತದೆ. ಈ ರೋಗಾಣು ನಮ್ಮ ಜೀವಕೋಶದೊಳಗೇ ಅವಿತಿರುತ್ತದೆ. ಪೆನ್ಸಿಲಿನ್ ಅಲ್ಲಿ ನಡೆಯದು, ಡಾಕ್ಸಿಸೈಕ್ಲಿನ್ ಒಳಹೊಕ್ಕು ತಡೆಯುತ್ತದೆ.

ನುಂಗುವುದು ಹೇಗೆ?
ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂ, ಕಬ್ಬಿಣ ಕಂಡರೆ ಅಂಟಿಕೊಳ್ಳುತ್ತದೆ. ಅಂಟಿದ್ದು ರಕ್ತ ಸೇರದು. ಹಾಲಿನಿಂದ ಡಾಕ್ಸಿಸೈಕ್ಲಿನ್‌ಗೆ ಆಗುವ ನಷ್ಟ ಕಡಿಮೆ, ಆದರೂ ನೀರೇ ಲೇಸು. ಕಬ್ಬಿಣದ ಮಾತ್ರೆಯಿಂದಲೂ ಎದೆಯುರಿಯ ಸಿರಪ್ಪಿನಿಂದಲೂ ಈ ಮಾತ್ರೆಗೆ ಎರಡು ಮೂರು ಗಂಟೆ ಅಂತರವಿರಲಿ. ಲೋಟದ ತುಂಬ ನೀರು ಕುಡಿದು ಅರ್ಧ ಗಂಟೆ ಮಲಗಬೇಡಿ. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಹುಣ್ಣಾದೀತು. ಬಿಸಿಲಿಗೆ ಚರ್ಮ ಬೇಗ ಕೆಂಪಾಗುತ್ತದೆ. ಅದೇ ಕ್ಯಾಲ್ಸಿಯಂ ನಂಟಿನಿಂದ ಬೆಳೆಯುವ ಹಲ್ಲು ಹಳದಿಗಟ್ಟಬಹುದು. ಹಾಗಾಗಿ ಗರ್ಭಿಣಿಯರಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಹೇಳದೆ ಕೊಡಬಾರದು.

ಯಾವುದಕ್ಕಲ್ಲ?
1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಕಾಡಂಚಿನದೇ, ಅದೂ ಜ್ವರ, ತಲೆನೋವಿನಿಂದಲೇ ಶುರು. ಆದರೆ ಅದು ವೈರಸ್. ಅದಕ್ಕೆ ಸ್ವಂತ ರೈಬೋಸೋಮೇ ಇಲ್ಲ, ಮಾತ್ರೆ ತಡೆಯುವುದೇನನ್ನು? ಕಳೆದ ವರ್ಷದ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗುವ ಮೊದಲು ರಕ್ತ ಪರೀಕ್ಷೆ ಮಾಡಿಸಿ.