ಬೇಸಾಯದ ಛಾಯಾಚಿತ್ರಗಳಿಗೆ ಗುರುತುಚೀಟಿ

ಬಿತ್ತನೆಯ ಬೀಜವನ್ನು ಗಡಿಗೆಗಳಲ್ಲಿ ತುಂಬಿ, ಯಾವುದರಲ್ಲಿ ಯಾವ ತಳಿಯಿರುವುದೆಂಬುದನ್ನು ಬರೆದಿಡದಿದ್ದರೆ ಹದ ಬಂದಾಗ ಎಂತಹ ತೊಂದರೆಯುಂಟಾಗುವುದೆಂಬುದು ರೈತರಿಗೆ ತಿಳಿಯದ ವಿಷಯವಲ್ಲ. ಈಗ ಮೊಬೈಲ್ ಫೋನುಗಳಲ್ಲಿ ಸೇರುತ್ತಿರುವ ಚಿತ್ರಗಳ ಸ್ಥಿತಿಯೂ ಇದೇ ಆಗಿರುತ್ತದೆ. ಬೆಳೆ, ಕೀಟ, ರೋಗ, ಕೆರೆಯ ಏರಿ, ಹೊಲದ ಬದು, ದನಕರು, ಪಹಣಿ ಮೊದಲಾದವುಗಳ ಚಿತ್ರಗಳು ಸಾವಿರಗಟ್ಟಲೆ ಸೇರಿರುತ್ತವೆ. ಬೇಕಾದ ಚಿತ್ರವು ಮಾತ್ರ ಬೇಕಾದ ವೇಳೆಗೆ ದೊರೆಯುವುದಿಲ್ಲ.

ಇದರಿಂದಾಗುವ ನಷ್ಟವು ಅಲ್ಪವಾದುದಲ್ಲ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದ ಬೆಳೆ ಹಾಳಾದರೆ ೭೨ ಗಂಟೆಗಳೊಳಗಾಗಿ ತಿಳಿಸತಕ್ಕದ್ದೆಂಬ ನಿಯಮವುಂಟು. ಚಿತ್ರವಿದ್ದ ಮಾತ್ರಕ್ಕೆ ತಿಳಿಸುವ ಕರ್ತವ್ಯವು ತೀರುವುದಿಲ್ಲ. ಆದರೆ ಹಾನಿಗೆ ಮುಂಚೆ ಪೈರು ಹೇಗಿತ್ತು, ಅನಂತರ ಹೇಗಾಯಿತು ಎಂಬುದನ್ನು ಒಡನೆಯೇ ತೋರಿಸಬಲ್ಲ ರೈತನ ಮಾತಿಗೆ ಬಲ ಬರುವುದು.

ಪೆಟ್ಟಿಗೆಗೂ ಚೀಟಿಗೂ ಇರುವ ಭೇದ

ಅನೇಕರು ವರ್ಷಕ್ಕೊಂದು ಫೋಲ್ಡರ್ ಮಾಡಿ ಅದರಲ್ಲಿ ಚಿತ್ರಗಳನ್ನು ಹಾಕುವರು. ಇದು ಒಳ್ಳೆಯದೇ, ಆದರೆ ಸಾಲದು. ಫೋಲ್ಡರ್ ಪೆಟ್ಟಿಗೆಯಂತಹುದು. ಮುಸುಕಿನ ಜೋಳದ ಸುಳಿಯಲ್ಲಿ ಹುಳು ಬಿದ್ದಿರುವ ಚಿತ್ರವನ್ನು ಬೆಳೆಯ ಪೆಟ್ಟಿಗೆಯಲ್ಲಿಡಬೇಕೆ, ಕೀಟದ ಪೆಟ್ಟಿಗೆಯಲ್ಲಿಡಬೇಕೆ, ಹೊಲದ ಪೆಟ್ಟಿಗೆಯಲ್ಲಿಡಬೇಕೆ? ಟ್ಯಾಗ್ ಎಂದು ಕರೆಯುವ ಗುರುತುಚೀಟಿಯಲ್ಲಿ ಈ ಇಕ್ಕಟ್ಟಿಲ್ಲ. ಒಂದೇ ಚಿತ್ರಕ್ಕೆ ನಾಲ್ಕಾರು ಚೀಟಿಗಳನ್ನು ಹಚ್ಚಬಹುದು; ಯಾವ ಚೀಟಿಯಿಂದ ಹುಡುಕಿದರೂ ಚಿತ್ರವು ಸಿಕ್ಕುವುದು.

ಒಂದೇ ವಸ್ತುವನ್ನು ಹಲವು ಮುಖಗಳಿಂದ ಗುರುತಿಸುವ ಪದ್ಧತಿಯು ಹೊಸದಲ್ಲ. ಗ್ರಂಥಾಲಯಶಾಸ್ತ್ರಜ್ಞರಾದ ಎಸ್. ಆರ್. ರಂಗನಾಥನ್ ಅವರು ೧೯೩೩ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಗ್ರಂಥದ ವಿಷಯವನ್ನು ಇದೇ ರೀತಿ ಬಿಡಿಸಿದರು. ಸ್ಥಳ, ಕಾಲಗಳೆರಡೂ ಆ ಮುಖಗಳಲ್ಲಿ ಸೇರಿವೆ. ರೈತನ ಚಿತ್ರಗಳಿಗೂ ಈ ಕ್ರಮವೇ ಸಾಕು. ಅವುಗಳಿಗೆ ಹಚ್ಚಬೇಕಾದ ಚೀಟಿಗಳು ಐದು:

೧. ಬೆಳೆ: ರಾಗಿ, ಭತ್ತ, ತೊಗರಿ, ಅಡಿಕೆ ಮುಂತಾದುದು.
೨. ಸ್ಥಳ: ಗ್ರಾಮದ ಹೆಸರು ಮತ್ತು ಸರ್ವೆ ನಂಬರು.
೩. ಕಾಲ: ವರ್ಷ ಮತ್ತು ಮುಂಗಾರು, ಹಿಂಗಾರು ಅಥವಾ ಬೇಸಿಗೆ.
೪. ವಿಷಯ: ಕೀಟ, ರೋಗ, ಹಾನಿ, ಬದು, ನೀರು ಇತ್ಯಾದಿ.
೫. ಸ್ಥಿತಿ: ಹಾನಿಗೆ ಮುಂಚೆ, ಹಾನಿಯ ಅನಂತರ, ಔಷಧ ಹೊಡೆಯುವ ಮುಂಚೆ, ಹೊಡೆದ ಮೇಲೆ.

ಹೆಸರು ಒಂದೇ ಇರತಕ್ಕದ್ದು

ಚೀಟಿ ಹಚ್ಚುವುದರಲ್ಲಿ ಮುಖ್ಯವಾದುದು ಹೆಸರಿನ ಏಕರೂಪತೆ. ಒಂದೇ ಧಾನ್ಯವನ್ನು ಮುಸುಕಿನ ಜೋಳ, ಗೋವಿನಜೋಳ, ಮೆಕ್ಕೆಜೋಳ ಎಂದೂ, ಒಂದೇ ಬೆಳೆಯನ್ನು ಕಡಲೆಕಾಯಿ, ಶೇಂಗಾ, ನೆಲಗಡಲೆ ಎಂದೂ ಸೀಮೆಗೊಂದು ಹೆಸರಿನಿಂದ ಕರೆಯುವರು. ಮಾತಿನಲ್ಲಿ ಇದರಿಂದ ಬಾಧಕವಿಲ್ಲ. ಚೀಟಿಗಳಲ್ಲಾದರೋ ತಂದೆಯೊಂದು, ಮಗನೊಂದು ಹೆಸರನ್ನು ಬರೆದರೆ ಅರ್ಧ ಚಿತ್ರಗಳು ಹುಡುಕುವವನ ಕಣ್ಣಿಗೆ ಬೀಳುವುದಿಲ್ಲ. ಆದಕಾರಣ ಮನೆಯವರೆಲ್ಲರೂ ಕೂಡಿ ಹೆಸರುಗಳ ಒಂದು ಪಟ್ಟಿಯನ್ನು ಬರೆದು, ಅದರಲ್ಲಿರುವ ಹೆಸರನ್ನೇ ಬಳಸತಕ್ಕದ್ದು.

ಹೆಸರು ತಿಳಿಯದಿದ್ದಾಗ ಊಹೆಯಿಂದ ಬರೆಯಕೂಡದು. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಮುಸುಕಿನ ಜೋಳದ ಮೇಲೆ ಫಾಲ್ ಸೈನಿಕ ಹುಳುವು ಕಂಡುಬಂತು. ಭಾರತದಲ್ಲಿ ಅದನ್ನು ಗುರುತಿಸಿದ್ದು ಅದೇ ಮೊದಲು. ಇಂತಹ ಹೊಸ ಪಿಡುಗು ಹೊಲಕ್ಕೆ ಬಂದಾಗ ‘ಗುರುತಿಸಬೇಕು’ ಎಂಬ ಚೀಟಿಯನ್ನು ಹಚ್ಚಿ, ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ರೈತ ಸಂಪರ್ಕ ಕೇಂದ್ರದಲ್ಲಾಗಲಿ ತೋರಿಸಿ, ನಿಶ್ಚಯವಾದ ಮೇಲೆ ಸರಿಯಾದ ಹೆಸರನ್ನು ಬರೆಯುವುದು ಉತ್ತಮ. ತಪ್ಪು ಹೆಸರಿನಿಂದ ತಪ್ಪು ಔಷಧವೂ, ವ್ಯರ್ಥ ವೆಚ್ಚವೂ ಉಂಟಾಗುವುವು.

ಫೋನು ತಾನಾಗಿಯೇ ಬರೆಯುವ ವಿವರ

ಚಿತ್ರ ತೆಗೆದ ದಿನ, ವೇಳೆಗಳನ್ನು ಫೋನು ತಾನಾಗಿಯೇ ಚಿತ್ರದೊಳಗೆ ಬರೆದಿಡುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಅನುಮತಿಯಿದ್ದರೆ ಹೊಲದ ಅಕ್ಷಾಂಶ, ರೇಖಾಂಶಗಳೂ ಸೇರುತ್ತವೆ. ಆದರೆ ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಈ ವಿವರಗಳು ಅಳಿಸಿಹೋಗುತ್ತವೆ. ಆದುದರಿಂದ ಮೂಲ ಚಿತ್ರವನ್ನು ಅಳಿಸದೆ, ಬೇರೊಂದು ಕಡೆ ಅದರ ಪ್ರತಿಯನ್ನೂ ಇಟ್ಟುಕೊಳ್ಳತಕ್ಕದ್ದು. ಬೆಳೆ, ಕೀಟ, ಸರ್ವೆ ನಂಬರುಗಳನ್ನಾದರೋ ಮನುಷ್ಯನೇ ಬರೆಯಬೇಕು. ಕಂಪ್ಯೂಟರಿರುವವರಿಗೆ ಉಚಿತವಾಗಿ ದೊರೆಯುವ ಡಿಜಿಕ್ಯಾಮ್ ಎಂಬ ತಂತ್ರಾಂಶವು ಈ ಕೆಲಸಕ್ಕೆ ಅನುಕೂಲವಾಗಿದೆ. ಚೀಟಿಗಳನ್ನು ಚಿತ್ರದೊಳಗೇ ಬರೆಯುವಂತೆ ಅದನ್ನು ಅಣಿಗೊಳಿಸಬಹುದು. ಹಾಗೆ ಮಾಡಿದರೆ ಚಿತ್ರವನ್ನು ಬೇರೆ ಕಂಪ್ಯೂಟರಿಗೆ ನಕಲು ಮಾಡಿದಾಗಲೂ ಚೀಟಿಗಳು ಜೊತೆಯಲ್ಲಿಯೇ ಹೋಗುತ್ತವೆ.

ಹಳೆಯ ಚಿತ್ರಗಳೆಲ್ಲವನ್ನೂ ಒಮ್ಮೆಗೇ ಸರಿಪಡಿಸಲು ಹೊರಟರೆ ಬೇಸರ ಬಂದು ಕೆಲಸವು ನಿಂತುಹೋಗುವುದು. ಈ ಹಂಗಾಮಿನ ಚಿತ್ರಗಳಿಂದ ಆರಂಭಿಸಿ, ಆಯಾ ದಿನದ ಚಿತ್ರಗಳಿಗೆ ಆ ಸಂಜೆಯೇ ಚೀಟಿ ಹಚ್ಚುವುದು ಲೇಸು. ಗ್ರಾಮದ ಮುಖಂಡರು ತಮ್ಮ ಊರಿಗೆಲ್ಲ ಒಂದೇ ಹೆಸರಿನ ಪಟ್ಟಿಯನ್ನು ಗೊತ್ತುಮಾಡಿಸಿದರೆ, ಯಾವ ಹುಳು ಯಾವ ವರ್ಷ ಯಾವ ಹೊಲದಲ್ಲಿ ಮೊದಲು ಕಂಡಿತು, ಕೆರೆಯ ಏರಿ ಎಲ್ಲಿ ಬಿರುಕುಬಿಟ್ಟಿತು ಎಂಬಿವೇ ಮೊದಲಾದ ಸಂಗತಿಗಳು ಕೆಲವೇ ವರ್ಷಗಳಲ್ಲಿ ಇಡೀ ಗ್ರಾಮಕ್ಕೆ ಉಪಯುಕ್ತವಾದ ದಾಖಲೆಯಾಗಿ ಪರಿಣಮಿಸುವುವು.